ಮೋಡಕಾ ಅಂಗಡಿಯ ತಕ್ಕಡಿ

ಗುಜರಿ ಅಂಗಡಿಗೆ ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಮೋಡಕಾ ಅಂಗಡಿ ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಮುರಿದದ್ದು ಎಂದು ಅದರ ಅರ್ಥ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಗೆ ಹೋದರೂ ಊರು ಮುಗಿಯುವಲ್ಲಿ ಇಂಥದೊಂದು ಅಂಗಡಿ ಇದ್ದೇ ಇರುತ್ತದೆ. ಅಲ್ಲಿ ಎಲ್ಲಕ್ಕೂ ಒಂದೇ ಅಳತೆ, ತೂಕ. ನೇಗಿಲಿನ ಕುಳವಿರಲಿ, ತುಕ್ಕು ಹಿಡಿದ ತಗಡಿರಲಿ, ತೊಟ್ಟಿಲಿನ ಸರಪಳಿಯೇ ಇರಲಿ, ತಕ್ಕಡಿ ಏರಿದ ಮೇಲೆ ಅದಕ್ಕೆ ಹೆಸರೂ ಇಲ್ಲ, ವಯಸ್ಸೂ ಇಲ್ಲ. ಕಬ್ಬಿಣ ಇಷ್ಟು ಕಿಲೋ ಎಂದು ಲೆಕ್ಕವಾಗಿಬಿಡುತ್ತದೆ. ಇತಿಹಾಸದ ಮಾಸ್ತರನಾಗಿ ಮೂವತ್ತು ವರ್ಷ ದುಡಿದ ನನಗೆ ಈ ಅಂಗಡಿಗಳ ಮುಂದೆ ಹಾದುಹೋಗುವಾಗಲೆಲ್ಲ ಒಂದು ಬಗೆಯ ಅಂಜಿಕೆಯಾಗುತ್ತದೆ. ನಾವು ಕಡತಗಳಲ್ಲಿ ಹುಡುಕಿ ಕಾಣದೆ ಹೋದದ್ದು ಇಲ್ಲಿ ದಿನವೂ ಲಾರಿ ಏರಿ ಹೋಗುತ್ತಿರಬಹುದಲ್ಲವೇ ಎಂಬ ಅಂಜಿಕೆ ಅದು.

2019ರ ಆಗಸ್ಟ್ ತಿಂಗಳನ್ನು ನಮ್ಮ ಭಾಗದವರು ಮರೆಯಲಾರರು. ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಒಮ್ಮೆಲೇ ದಂಡೆ ಮೀರಿದವು. ಯಡೂರು, ಮಾಂಜರಿ, ಇಂಗಳಿ, ಜುಗುಳಗಳಂಥ ಊರುಗಳಲ್ಲಿ ನೀರು ಮನೆ ಹೊಕ್ಕಿತು. ಮಣ್ಣಿನ ಗೋಡೆಗಳು ಕರಗಿ ಕುಳಿತವು. ನೀರಿಳಿದ ಮೇಲೆ ಮರಳಿ ಬಂದ ಜನ ಮೊದಲು ಮಾಡಿದ ಕೆಲಸ ರಾಡಿ ತೆಗೆಯುವುದು. ಆ ರಾಡಿಯೊಡನೆ ಅಟ್ಟದ ಮೇಲಿದ್ದುದು, ದನದ ಕೊಟ್ಟಿಗೆಯ ಮೂಲೆಯಲ್ಲಿದ್ದುದು, ಅಜ್ಜನ ಕಾಲದಿಂದ ‘ಇರಲಿ’ ಎಂದು ಇಟ್ಟುಕೊಂಡು ಬಂದುದು, ಎಲ್ಲವೂ ಹೊರಬಿದ್ದಿತು. ಆ ಸೆಪ್ಟೆಂಬರಿನಲ್ಲಿ ಮೋಡಕಾ ಅಂಗಡಿಗಳು ತುಂಬಿ ರಸ್ತೆಗೆ ಚೆಲ್ಲಿದ್ದವು. ಚಿಕ್ಕೋಡಿಯ ಅಂಥದೊಂದು ರಾಶಿಯಲ್ಲಿ ತಗಡುಗಳ ಕೆಳಗಿನಿಂದ ಸೈಕಲ್ಲೊಂದರ ಹ್ಯಾಂಡಲ್ಲು ಹೊರಗೆ ಚಾಚಿಕೊಂಡಿತ್ತು. ನೋಡಿದರೆ, ಬ್ರೇಕು ತಂತಿಯದಲ್ಲ, ಸಲಾಕಿಯದು. ನಾನು ನಿಂತೆ.

ಅಂಗಡಿಯ ಹುಡುಗನಿಗೆ ಹೇಳಿ ಅದನ್ನು ಎಳೆಸಿದೆ. ಟಾಯರು ಇರಲಿಲ್ಲ. ಚೌಕಟ್ಟಿನ ಕೊಳವೆಯೊಳಗೆಲ್ಲ ಕೃಷ್ಣೆಯ ಮಣ್ಣು ತುಂಬಿ ಗಟ್ಟಿಯಾಗಿತ್ತು. ಪೆಡಲಿನ ಹಲ್ಲುಚಕ್ರವನ್ನು ಹೆಬ್ಬೆರಳಿನಿಂದ ಉಜ್ಜಿದರೆ ಮೂರು ಕೊಕ್ಕರೆಯ ತಲೆಗಳು ಮೂಡಿದವು. ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದ ರ‍್ಯಾಲಿ ಕಾರಖಾನೆಯ ಗುರುತು. ಹಿಂದಿನ ಗಾಲಿಯ ನಡುವಿನ ಉರುಳೆಯನ್ನು, ಮೆಕ್ಯಾನಿಕರು ಹಬ್ ಎನ್ನುವ ಭಾಗವನ್ನು, ಧೋತರದ ಸೆರಗಿನಿಂದ ಒರೆಸಿದೆ. ಸ್ಟರ್ಮಿ-ಆರ್ಚರ್ ಎಂಬ ಹೆಸರು, ಅದರ ಬಳಿ 51 ಎಂಬ ಅಂಕೆ. ಈ ಹಬ್ಬುಗಳನ್ನು ಮಾಡುವವರು ತಯಾರಾದ ವರ್ಷದ ಕೊನೆಯ ಎರಡು ಅಂಕೆಗಳನ್ನು ಉಕ್ಕಿನ ಮೇಲೆಯೇ ಒತ್ತುತ್ತಿದ್ದರು. ಶಿಲಾಶಾಸನಗಳಲ್ಲಿ ಶಕವರ್ಷವನ್ನು ಓದಲು ಪಟ್ಟ ಪಾಡನ್ನು ನೆನೆದರೆ, ಇಷ್ಟು ಸುಲಭವಾಗಿ ತನ್ನ ಕಾಲವನ್ನು ಹೇಳಿಕೊಂಡ ಸಾಕ್ಷಿಯನ್ನು ನಾನು ಕಂಡುದೇ ಅಪರೂಪ.

“ಏನ್ರಿ ಸರ, ಇದನ್ನ ಒಯ್ದು ಏನ ಮಾಡಾವರಿ? ತೂಕಕ್ಕ ಬಂದದ್ದೈತ್ರಿ ಇದು” ಎಂದ ಅಂಗಡಿಯವ.

“ಹಂಗಾದ್ರ ತೂಕದ ಮ್ಯಾಲೇ ಕೊಡಪಾ” ಎಂದೆ.

ಹತ್ತೊಂಬತ್ತು ಕಿಲೋ ತೂಗಿತು. ಕಿಲೋಗೆ 22 ರೂಪಾಯಿಯಂತೆ 418 ರೂಪಾಯಿ. ಅದರಲ್ಲಿ ಒಂದೆರಡು ಕಿಲೋ ಕೃಷ್ಣೆಯ ಮಣ್ಣೇ ಇದ್ದಿರಬೇಕು. ಆದರೆ ನಾನು ಚೌಕಾಸಿ ಮಾಡಲಿಲ್ಲ.

ಈ ಸೈಕಲ್ಲಿನ ಮುಂದಿನ ಕಥೆಯನ್ನು ಹೇಳುವ ಮೊದಲು, ಇಂಥ ವಾಹನ ನಮ್ಮ ಕಡೆಗೆ ಬಂದುದು ಹೇಗೆ ಎಂಬುದನ್ನು ಸ್ವಲ್ಪ ನೋಡಬೇಕು. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತ 1817ರಲ್ಲಿ ಎರಡು ಗಾಲಿಯ ಕಟ್ಟಿಗೆಯ ಗಾಡಿಯೊಂದನ್ನು ಮಾಡಿದ. ಅದಕ್ಕೆ ಪೆಡಲು ಇರಲಿಲ್ಲ. ಮೇಲೆ ಕುಳಿತು ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂದಿತು. ಆಮೇಲೆ ಮುಂದಿನ ಗಾಲಿ ಆಳೆತ್ತರ ಬೆಳೆದು, ಬಿದ್ದರೆ ಕೈಕಾಲು ಮುರಿಯುವ ವಾಹನವಾಯಿತು. 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ಎರಡೂ ಗಾಲಿಗಳನ್ನು ಹೆಚ್ಚುಕಡಿಮೆ ಸಮ ಮಾಡಿ, ಹಿಂದಿನ ಗಾಲಿಗೆ ಚೈನು ಹಾಕಿ ರೋವರ್ ಎಂಬ ಸೈಕಲ್ಲನ್ನು ತಂದ. ನಾವು ಇಂದು ಸೈಕಲ್ಲು ಎನ್ನುವುದರ ಮೈಕಟ್ಟು ಅಲ್ಲಿಗೆ ನಿಂತಿತು. 1888ರಲ್ಲಿ ಬೆಲ್‌ಫಾಸ್ಟ್ ಪಟ್ಟಣದ ದನದ ವೈದ್ಯ ಡನ್ಲಪ್ ಗಾಳಿ ತುಂಬಿದ ಟಾಯರಿಗೆ ಹಕ್ಕುಪತ್ರ ಪಡೆದ.

ಈ 1888 ಎಂಬ ವರ್ಷವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಏಕೆಂದರೆ ಅದೇ ವರ್ಷ ನಮ್ಮ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ತೆರೆಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯಲ್ಲಿದ್ದರು. ಅಲ್ಲಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಕಲಿಸುತ್ತಿದ್ದವರು. ಬೀದಿಯಲ್ಲಿ ಒಬ್ಬಾತ ಎರಡು ಗಾಲಿಯ ಮೇಲೆ ಹೋಗುವುದನ್ನು ಕಂಡು ಅವರಿಗೆ ಅದರ ಹುಚ್ಚು ಹಿಡಿಯಿತು. ಮುಂಬಯಿಯಿಂದ ಸೈಕಲ್ಲು ಕೊಂಡು ಬೆಳಗಾವಿಗೆ ಕಳಿಸುವುದು, ಅಣ್ಣ ರಾಮಚಂದ್ರರಾಯರು ಅದನ್ನು ಮಾರುವುದು, ಹೀಗೆ ವ್ಯಾಪಾರ ನಡೆಯಿತು. ಕೊಂಡವರಿಗೆ ಸೈಕಲ್ಲು ಹತ್ತಲು ಬರಬೇಕಲ್ಲ! ಅದನ್ನು ಕಲಿಸುವುದಕ್ಕೆ ಬೇರೆಯಾಗಿ 15 ರೂಪಾಯಿ ಎಂದು ಆ ಮನೆತನದ ಕಥೆಯಲ್ಲಿ ಹೇಳುತ್ತಾರೆ. ಮುಂದೆ ಇದೇ ಸಹೋದರರು ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ನಂಜಾದೀತೆಂದು ರೈತರು ಮೊದಮೊದಲು ಅದನ್ನು ಮುಟ್ಟಲೇ ಇಲ್ಲ. 1910ರಲ್ಲಿ ಔಂಧ ಸಂಸ್ಥಾನದ ಅರಸರ ಆಶ್ರಯ ದೊರೆತು ಕಾರಖಾನೆ ಅಲ್ಲಿಗೆ ಹೋಯಿತು. ನಮ್ಮ ಕಾಗವಾಡದಿಂದ ಮೀರಜ ದಾಟಿ ಪುಣೆಯ ರೈಲು ಹಿಡಿದರೆ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣವೇ ಸಿಗುತ್ತದೆ. ಬೆಳಗಾವಿಯಲ್ಲಿ ಉಳಿದದ್ದು ಕಿರ್ಲೋಸ್ಕರ ರಸ್ತೆ ಎಂಬ ಹೆಸರು.

ಆ ರಸ್ತೆಯಲ್ಲಿ ನಡೆಯುವ ಎಷ್ಟು ಜನಕ್ಕೆ ಈ ಎಲ್ಲ ಎಂಜಿನು, ಪಂಪುಗಳ ಮೂಲದಲ್ಲಿ ಒಂದು ಸೈಕಲ್ ಅಂಗಡಿ ಇತ್ತೆಂಬುದು ನೆನಪಿದೆ? ಅಮೆರಿಕದಲ್ಲಿ ರೈಟ್ ಸಹೋದರರು ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ಇಟ್ಟುದು 1892ರಲ್ಲಿ. ವಿಮಾನ ಹಾರಿಸಿದ್ದು 1903ರಲ್ಲಿ. ಅವರ ಸೈಕಲ್ ಅಂಗಡಿಯನ್ನು ಆ ದೇಶದವರು ಬುಡಸಮೇತ ಎತ್ತಿ ಸಂಗ್ರಹಾಲಯಕ್ಕೆ ಸಾಗಿಸಿಟ್ಟುಕೊಂಡಿದ್ದಾರೆ. ನಾನು ಹೋಲಿಕೆ ಮಾಡುತ್ತಿಲ್ಲ. ವರ್ಷಗಳನ್ನು ಮಾತ್ರ ಅಕ್ಕಪಕ್ಕ ಇಟ್ಟಿದ್ದೇನೆ.

ಬೆಳಗಾವಿಯ ಮಾತು ಹಾಗಿರಲಿ. ನಮ್ಮ ಐದು ಊರುಗಳಲ್ಲಿ ಸೈಕಲ್ಲಿಗೆ ಬೇರೂರಲು ಕಾರಣವಾದುದು, ನನ್ನ ಮಟ್ಟಿಗೆ ಹೇಳುವುದಾದರೆ, ರೈಲು. ಅದಕ್ಕಿಂತ ಹೆಚ್ಚಾಗಿ, ರೈಲು ಬಾರದೆ ಹೋದುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೆಳಗಾವಿಯಿಂದ ಮೀರಜಿಗೆ ಹಳಿ ಬಿದ್ದಿತು. ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳಗಳಿಗೆ ನಿಲ್ದಾಣಗಳು ಬಂದವು. ಆದರೆ ತಂಬಾಕಿನ ಪೇಟೆಯಾದ ನಿಪ್ಪಾಣಿಗೆ ರೈಲಿಲ್ಲ, ಚರ್ಮದ ಕೆಲಸಕ್ಕೆ ಹೆಸರಾದ ಅಥಣಿಗೂ ಇಲ್ಲ. ಚಿಕ್ಕೋಡಿಯದಂತೂ ಒಂದು ತಮಾಷೆ. ಚಿಕ್ಕೋಡಿ ರೋಡ್ ಎಂಬ ನಿಲ್ದಾಣವಿದೆ. ಪರಸ್ಥಳದವರು ಅಲ್ಲಿ ಇಳಿದು ಚಿಕ್ಕೋಡಿ ಎಲ್ಲಿ ಎಂದು ಕೇಳುತ್ತಾರೆ. ರೋಡು ಅಲ್ಲಿದೆ, ಚಿಕ್ಕೋಡಿ ಹರದಾರಿಗಟ್ಟಲೆ ಆಚೆಗಿದೆ. ಈ ನಡುವಿನ ದಾರಿಯನ್ನು ಚಕ್ಕಡಿ ತುಂಬಿತು, ಕುದುರೆಗಾಡಿ ತುಂಬಿತು, ಬರಬರುತ್ತ ಸೈಕಲ್ಲು ತುಂಬಿತು. ಅಂಚೆಯವನು, ಶಾಲೆಯ ಮಾಸ್ತರ, ನಿಪ್ಪಾಣಿಯ ತಂಬಾಕಿನ ವಖಾರಿಯ ಗುಮಾಸ್ತ, ಉಗಾರದ ಸಕ್ಕರೆ ಕಾರಖಾನೆಯ ಪಾಳಿಯ ಕೆಲಸಗಾರ, ಹಾಲು ಹಾಕುವವನು, ಇವರೆಲ್ಲ ಹೆಗಲು ಮತ್ತು ಕಾಲಿನ ಭಾರವನ್ನು ಅದರ ಮೇಲೆ ಇಳಿಸಿದರು.

ಮೊದಲು ಬಂದುವೆಲ್ಲ ವಿಲಾಯತಿ ಗಾಡಿಗಳು. ರ‍್ಯಾಲಿ, ಹಂಬರ್, ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಈ ಕೊನೆಯದು ಬರ್ಮಿಂಗ್‌ಹ್ಯಾಮಿನ ಬಂದೂಕಿನ ಕಾರಖಾನೆ. ಅದರ ಲಾಂಛನದಲ್ಲಿ ಇಂದಿಗೂ ಮೂರು ಬಂದೂಕುಗಳು ಒಂದಕ್ಕೊಂದು ಆನಿಸಿ ನಿಂತಿರುವುದನ್ನು ಕಾಣಬಹುದು. ಸ್ವಾತಂತ್ರ್ಯದ ಮುಂದುಹಿಂದಿನ ವರ್ಷಗಳಲ್ಲಿ ಸೈಕಲ್ಲು ದೇಶೀಯವಾಯಿತು. ಮದ್ರಾಸಿನ ಹತ್ತಿರ ಅಂಬತ್ತೂರಿನಲ್ಲಿ ಟಿ.ಐ. ಕಾರಖಾನೆ, ಆಸನಸೋಲದಲ್ಲಿ ಸೇನ್-ರ‍್ಯಾಲಿ, 1951ರಲ್ಲಿ ಸೋನಿಪತದ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ. ಇವುಗಳಲ್ಲಿ ಸೇನ್-ರ‍್ಯಾಲಿ ಸರಕಾರದ ವಶಕ್ಕೆ ಹೋಗಿ ಕಾಲಾಂತರದಲ್ಲಿ ಮುಚ್ಚಿತು. ಅಟ್ಲಾಸಿನ ಕೊನೆಯ ಕಾರಖಾನೆ 2020ರ ಜೂನ್ 3ರಂದು ನಿಂತಿತು. ಆ ದಿನ ವಿಶ್ವ ಸೈಕಲ್ ದಿನ ಎಂಬುದನ್ನು ಪತ್ರಿಕೆಗಳಲ್ಲಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ನನ್ನ ಒಂದು ತಪ್ಪಿನ ವಿಷಯ ಹೇಳಲೇಬೇಕು.

ನನ್ನ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. 1953ರಲ್ಲಿ, ನಿಪ್ಪಾಣಿಯಲ್ಲಿದ್ದಾಗ, ಅವರು ಬಿ.ಎಸ್.ಎ. ಸೈಕಲ್ಲು ಕೊಂಡರು. ಅದರ ಮೇಲೆಯೇ ಅಥಣಿ, ರಾಯಬಾಗ, ಚಿಕ್ಕೋಡಿಗಳಲ್ಲಿ ನೌಕರಿ ಮಾಡಿ 1978ರಲ್ಲಿ ನಿವೃತ್ತರಾದರು. ನಾನು ಚೌಕಟ್ಟಿನೊಳಗೆ ಕಾಲು ತೂರಿಸಿ ಕತ್ತರಿ ಹೊಡೆಯುತ್ತ ಕಲಿತದ್ದೂ ಅದರ ಮೇಲೆಯೇ. ಆ ಕಾಲದಲ್ಲಿ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದವು. ತೆರಿಗೆ ತುಂಬಿದವರಿಗೆ ವರ್ಷಕ್ಕೊಂದು ಲೋಹದ ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆಯಿಲ್ಲದ ಸೈಕಲ್ಲು, ರಾತ್ರಿ ದೀಪವಿಲ್ಲದ ಸೈಕಲ್ಲು ಸಿಕ್ಕರೆ ಪೋಲೀಸರು ಗಾಳಿ ಬಿಟ್ಟು ನಿಲ್ಲಿಸುತ್ತಿದ್ದರು. ನನ್ನ ತಂದೆ ಹಳೆಯ ಬಿಲ್ಲೆಗಳನ್ನು ಎಸೆಯಲಿಲ್ಲ. ಸೀಟಿನ ಕೆಳಗೆ ಒಂದು ತಂತಿ ಕಟ್ಟಿ ಎಲ್ಲವನ್ನೂ ಅದರಲ್ಲಿ ಪೋಣಿಸಿದ್ದರು. ಹಿತ್ತಾಳೆಯವು ಕೆಲವು, ಅಲ್ಯುಮಿನಿಯಮಿನವು ಕೆಲವು, ದುಂಡಗಿನವು, ಮೂಲೆಯಿದ್ದವು. ನಿಪ್ಪಾಣಿಯವುಗಳ ಮೇಲೆ ನಾಗರಿ ಅಕ್ಷರ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ಆಮೇಲಿನ ಬಿಲ್ಲೆಗಳಲ್ಲಿ ಕನ್ನಡ ಮೂಡಿತು. ತಂದೆ ಓಣಿಯ ತಿರುವಿಗೆ ಬಂದರೆಂದರೆ ಆ ಬಿಲ್ಲೆಗಳ ಸಪ್ಪಳದಿಂದಲೇ ಮನೆಯಲ್ಲಿ ನಮಗೆ ತಿಳಿಯುತ್ತಿತ್ತು. ಅವರ ಸೈಕಲ್ಲಿಗೆ ಗಂಟೆ ಬೇಕಾಗಿರಲಿಲ್ಲ.

ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, 1994ರಲ್ಲಿ, ಅವರ ನೆನಪಿಗೆಂದು ಸೈಕಲ್ಲನ್ನು ಜೋಪಾನ ಮಾಡಬೇಕೆನಿಸಿತು. ಬಣ್ಣ ಹಚ್ಚುವವನೊಬ್ಬನಿಗೆ ಕೊಟ್ಟು, “ಹೊಸಾದರ ಹಂಗ ಮಾಡಿಕೊಡು” ಎಂದೆ. ಅವನು ನಾನು ಹೇಳಿದಂತೆಯೇ ಮಾಡಿದ. ಕಾಗದ ಉಜ್ಜಿ, ಮದ್ದು ಹಚ್ಚಿ, ಹಳೆಯ ಬಣ್ಣವನ್ನೆಲ್ಲ ಕಬ್ಬಿಣದವರೆಗೆ ತೆಗೆದ. ಅಥಣಿಯ ಪೇಂಟರನೊಬ್ಬ ಕೂದಲಿನ ಕುಂಚದಿಂದ ಬರೆದಿದ್ದ ತಂದೆಯ ಹೆಸರು ಹೋಯಿತು. ವರ್ಷವರ್ಷವೂ ಮಹಾನವಮಿಯ ಖಂಡೆ ಪೂಜೆಯಲ್ಲಿ ಅವ್ವ ಹಚ್ಚಿದ್ದ ಅರಿಷಿಣ ಕುಂಕುಮ ಹ್ಯಾಂಡಲ್ಲಿನ ಬುಡದಲ್ಲಿ ಪದರುಗಟ್ಟಿ ಕುಳಿತಿದ್ದುದೂ ಹೋಯಿತು. ತಂತಿಯನ್ನು ಅವನು ಕತ್ತರಿಸಿ ಬಿಸಾಡಿದ್ದ. ಕೇಳಿದಾಗ, “ಆ ಚಿಲ್ಲರೆ ಪತರಿ ಏನ ಮಾಡ್ತೀರಿ ಸರ? ಮೋಡಕಾದವಗ ಹಾಕಿದ್ನಿ” ಎಂದ. ಅವನ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಇಪ್ಪತ್ತೈದು ವರ್ಷಗಳ ಒಂದು ನೌಕರಿಯ ದಿನಚರಿ, ನಮ್ಮ ಗಡಿಯ ಭಾಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಿದ ದಾಖಲೆ, ಆ ತಂತಿಯಲ್ಲಿ ತೂಗುತ್ತಿತ್ತು. ತರಗತಿಯಲ್ಲಿ ಮೂಲ ಆಕರಗಳ ಮಹತ್ವವನ್ನು ಕುರಿತು ಪಾಠ ಹೇಳುತ್ತಿದ್ದವನು ನಾನೇ. ಹೊಳೆಯುವ ಆ ಸೈಕಲ್ಲು ಈಗಲೂ ನಮ್ಮ ಪಡಸಾಲೆಯಲ್ಲಿದೆ. ಬಂದವರು ಚೆಂದವಾಗಿದೆ ಎನ್ನುತ್ತಾರೆ. ತಳ್ಳಿದರೆ ಸಪ್ಪಳವಿಲ್ಲದೆ ಉರುಳುತ್ತದೆ.

ಆದ್ದರಿಂದ 2019ರಲ್ಲಿ ಸಿಕ್ಕ ರ‍್ಯಾಲಿಯನ್ನು ಮನೆಗೆ ತಂದಾಗ ನಾನು ಅದಕ್ಕೆ ಚಿಂದಿ ಬಟ್ಟೆ ಮತ್ತು ನೀರು ಬಿಟ್ಟು ಬೇರೇನೂ ತಾಗಿಸಲಿಲ್ಲ. ಮಣ್ಣು ತೊಳೆದು ಅಂಗಳದಲ್ಲಿ ನಿಲ್ಲಿಸಿ, ಹಸ್ತಪ್ರತಿಯನ್ನು ಓದುವಂತೆ ಅದನ್ನು ಓದತೊಡಗಿದೆ. ಅಚ್ಚರಿಯ ಮೇಲೆ ಅಚ್ಚರಿ. ಚೌಕಟ್ಟು, ಹಲ್ಲುಚಕ್ರ, ಹಬ್ಬು ಇಂಗ್ಲೆಂಡಿನವು. ಗಾಲಿಯ ಬಳೆ ಲುಧಿಯಾನದ್ದು. ಎಡಗಡೆಯ ಪೆಡಲು ಎಂಬುದು ಜಾಲಿ ಕಟ್ಟಿಗೆಯ ತುಂಡು. ಅದಕ್ಕೆ ರಂಧ್ರ ಕೊರೆದು ಸಲಾಕಿಗೆ ಸಿಕ್ಕಿಸಲಾಗಿತ್ತು. ಹಿಂದಿನ ಕ್ಯಾರಿಯರ್ ಯಾವ ಕಾರಖಾನೆಯದೂ ಅಲ್ಲ. ಚಕ್ಕಡಿ ಗಾಲಿಯ ಹಳಿಯನ್ನು ಕಾಸಿ ಬಡಿದು, ಉದ್ದಗಲ ಎರಡನ್ನೂ ಸಾಮಾನ್ಯಕ್ಕಿಂತ ಹಿರಿದು ಮಾಡಿ, ರಿವೆಟ್ಟು ಹೊಡೆದು ಕೂಡಿಸಿದ ಗಟ್ಟಿಮುಟ್ಟಾದ ಚೌಕಟ್ಟು. ಬೆಸುಗೆ ಎಲ್ಲಿಯೂ ಇಲ್ಲ. ಊರಿಗೆ ವಿದ್ಯುತ್ತು ಬರುವ ಮೊದಲಿನ ಕೆಲಸವಿರಬೇಕು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಸೀಟು. ಒಳಗಿನ ಸ್ಪ್ರಿಂಗು ವಿಲಾಯತಿಯದೇ. ಮೇಲಿನ ಚರ್ಮ ಮಾತ್ರ ಬೇರೆ. ಅಂಚಿನಲ್ಲಿ ಮೊಳೆ ಹೊಡೆಯದೆ, ದಾರವನ್ನೂ ಬಳಸದೆ, ಚರ್ಮದ ಬಾರಿನಿಂದಲೇ ಒತ್ತಾಗಿ ಹೊಲಿದಿದ್ದರು. ಈ ಹೊಲಿಗೆಯನ್ನು ನಾನು ಎಲ್ಲಿಯೋ ಕಂಡಿದ್ದೇನಲ್ಲ ಎಂದು ಯೋಚಿಸುತ್ತ ಕುಳಿತವನಿಗೆ ಉತ್ತರ ನನ್ನ ಕಾಲಲ್ಲೇ ಇತ್ತು. ಕೊಲ್ಹಾಪುರಿ ಚಪ್ಪಲಿಯ ಹೊಲಿಗೆ ಅದು! ಕೊಲ್ಹಾಪುರದ ಹೆಸರು ಹೊತ್ತರೂ ಆ ಚಪ್ಪಲಿಯ ದೊಡ್ಡ ಪಾಲು ತಯಾರಾಗುವುದು ನಮ್ಮ ಅಥಣಿ, ನಿಪ್ಪಾಣಿ, ಮದಭಾವಿಗಳಲ್ಲಿ. ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದುದು ಈ ಕಾರಣದಿಂದಲೇ. ಸೀಟನ್ನು ಚೀಲದಲ್ಲಿ ಹಾಕಿಕೊಂಡು ಮದಭಾವಿಗೆ ಹೋಗಿ, ಚಪ್ಪಲಿ ಮಾಡುವ ಹಿರಿಯರೊಬ್ಬರ ಮುಂದೆ ಇಟ್ಟೆ. ಅವರು ಮೂಸಿ ನೋಡಿದರು, ಮಡಿಕೆಯನ್ನು ಬೆರಳಿನಿಂದ ಒತ್ತಿದರು.

“ನಮ್ಮ ಮಂದೀದss ಕೈರಿ ಸರ ಇದು. ಜಾಲಿ ತೊಗಟಿ, ಅಳಲೇಕಾಯಿ ಹಾಕಿ ಹದಾ ಮಾಡಿದ ತೊಗಲು. ಅದಕss ಹೊಳೀ ನೀರಾಗ ನೆನದ್ರೂ ಕೊಳತಿಲ್ಲ. ಬಿಸಲಿಗೆ ಇಡಬ್ಯಾಡ್ರಿ, ಔಡಲೆಣ್ಣಿ ಹಚ್ಚರಿ” ಎಂದರು. ಚಪ್ಪಲಿಯ ಅಂಗಾಲಿಗೆ ಬಳಸುವ ಕೋಣನ ತೊಗಲು ಎಂದೂ, ಇಂಥ ಸೀಟುಗಳನ್ನು ತಮ್ಮ ತಂದೆ ಬೇಕಾದಷ್ಟು ಹೊಲಿದುಕೊಟ್ಟಿದ್ದರೆಂದೂ ತಿಳಿಸಿದರು. ಅದಕ್ಕೆ ಬೆಲೆಯೆಷ್ಟು ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದೆ. ರೊಕ್ಕವೆಲ್ಲಿ, ಸುಗ್ಗಿಯಲ್ಲಿ ಜೋಳ ಕೊಡುತ್ತಿದ್ದರು ಎಂದರು.

ನಾಟಿಂಗ್‌ಹ್ಯಾಮಿನ ಉಕ್ಕು, ಮದಭಾವಿಯ ತೊಗಲು, ಹೆಸರು ತಿಳಿಯದ ಕಂಬಾರನೊಬ್ಬನ ರಿವೆಟ್ಟು, ಲುಧಿಯಾನದ ಬಳೆ. ಇದನ್ನು ಯಾವ ದೇಶದ ಸೈಕಲ್ಲು ಎನ್ನೋಣ?

ಯಾರ ಸೈಕಲ್ಲು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬೇಗ ಸಿಕ್ಕಿತು. ಮೋಡಕಾ ಅಂಗಡಿಯವನನ್ನು ಕೇಳಿ ಕೃಷ್ಣೆಯ ದಂಡೆಯ ಆ ಊರಿಗೆ ಹೋದೆ. ಮನೆಯ ಎರಡು ಗೋಡೆ ಬಿದ್ದಿದ್ದವು. ತಾಡಪತ್ರಿ ಕಟ್ಟಿಕೊಂಡು ಸಂಸಾರ ನಡೆದಿತ್ತು. ಎಪ್ಪತ್ತರ ಆಚೆಯ ಮನೆಯೊಡತಿ ಕಟ್ಟೆಯ ಮೇಲೆ ಕುಳಿತು ಕಾಳು ಒಣಗಿಸುತ್ತಿದ್ದರು. ಸೈಕಲ್ಲಿನ ಮಾತೆತ್ತಿದೊಡನೆ ಅವರ ಮುಖ ಅರಳಿತು.

“ನಮ್ಮ ಮಾವನೋರದ್ರಿ ಅದು. ಉಗಾರದ ಕಡಿಂದ ಹಳೇದ ತಂದಿದ್ರು. ಕಾಯಿಪಲ್ಲೆ ಬುಟ್ಟಿ ಏರಿಸಿಕೊಂಡು ಸಂತಿ ಸಂತಿ ತಿರಗತಿದ್ರು. ಭಾಳ ಬಿರುಸ ಇತ್ರಿ ಅದು, ಬ್ಯಾರೇದವರ ಕೈಲೆ ತುಳಿಯಾಕ ಆಗತಿದ್ದಿಲ್ಲ. ಮಾವನೋರ ತೊಡಿ ಕಲ್ಲಾಗಿದ್ದೂ.”

ಮನೆಗೆ ಬಂದು ಹಬ್ಬನ್ನು ಮತ್ತೆ ನೋಡಿದಾಗ ಆ ಮಾತಿನ ಒಳಗುಟ್ಟು ತಿಳಿಯಿತು. ಅದು ಮೂರು ಗೇರಿನ ಹಬ್ಬು. ಗೇರು ಬದಲಿಸುವ ತಂತಿ ಎಂದೋ ಕಡಿದುಹೋಗಿತ್ತು. ತಂತಿ ಸಡಿಲವಾದರೆ ಈ ಹಬ್ಬು ತಾನಾಗಿ ಮೂರನೆಯ ಗೇರಿಗೆ, ಎಂದರೆ ಅತಿ ಬಿರುಸಾದ ಗೇರಿಗೆ ಹೋಗಿ ನಿಲ್ಲುತ್ತದೆ. ಗಾಲಿ ಮೂರರಲ್ಲೊಂದು ಪಾಲು ಹೆಚ್ಚು ತಿರುಗುತ್ತದೆ, ಕಾಲಿಗೆ ಅಷ್ಟೇ ಭಾರ ಹೆಚ್ಚು ಬೀಳುತ್ತದೆ. ಬಯಲಲ್ಲಿ ಬರಿಗೈಯಲ್ಲಿ ಓಡುವವರಿಗಾಗಿ ಮಾಡಿದ ಗೇರಿನಲ್ಲಿ ಆ ಮನುಷ್ಯ ತರಕಾರಿ ಬುಟ್ಟಿ ಹೇರಿಕೊಂಡು ವರ್ಷಗಟ್ಟಲೆ ತುಳಿದಿದ್ದರು. ತಂತಿಯೊಂದನ್ನು ಹಾಕಿದ್ದರೆ ಅರ್ಧ ಶ್ರಮ ತಪ್ಪುತ್ತಿತ್ತು. ಆದರೆ ತೊಗಲಿಗೆ, ಕಬ್ಬಿಣಕ್ಕೆ, ಕಟ್ಟಿಗೆಗೆ ಪರ್ಯಾಯ ಕಂಡುಕೊಂಡ ನಮ್ಮ ಕೈಗಳಿಗೆ ಆ ಮುಚ್ಚಿದ ಉರುಳೆಯ ಒಳಗೇನಿದೆ ಎಂಬುದನ್ನು ಹೇಳಿದವರಾರು? ಯಂತ್ರ ಬಂದಿತು, ಯಂತ್ರದ ತಿಳಿವಳಿಕೆ ನಾಟಿಂಗ್‌ಹ್ಯಾಮಿನಲ್ಲೇ ಉಳಿಯಿತು. ವಸಾಹತು ಕಾಲದ ಆರ್ಥಿಕ ಚರಿತ್ರೆಯನ್ನು ಕುರಿತು ನಾನು ಓದಿದ ಹಲವು ಪುಸ್ತಕಗಳಿಗಿಂತ ಆ ಮುದುಕಿಯ ಒಂದು ಮಾತು ನನಗೆ ಹೆಚ್ಚು ಹೇಳಿತು.

ಈ ನಡುವೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೈಕಲ್ಲಿನ ಫೋಟೋ ತೆಗೆದು ಯಾರು ಯಾರಿಗೋ ಕಳಿಸಿದ್ದ. ಹಳೆಯ ಸೈಕಲ್ಲುಗಳನ್ನು ಅಕ್ಕರೆಯಿಂದ ಕೂಡಿಡುವವರು ಈಗ ಅಲ್ಲಲ್ಲಿ ಇದ್ದಾರೆ. ಪುಣೆಯಲ್ಲಿ ವಿಕ್ರಮ್ ಪೆಂಡಸೆಯವರು 2017ರಲ್ಲಿ ಸೈಕಲ್ಲುಗಳದೇ ಒಂದು ಸಂಗ್ರಹಾಲಯವನ್ನು ತೆರೆದಿದ್ದಾರೆ. ಮಹಾಯುದ್ಧದಲ್ಲಿ ಸೈನಿಕರು ಮಡಿಚಿಕೊಂಡು ವಿಮಾನದಿಂದ ಇಳಿಯಲೆಂದು ಬಿ.ಎಸ್.ಎ. ಮಾಡಿದ ಸೈಕಲ್ಲನ್ನು ಕೂಡ ಅಂಥವರು ಹುಡುಕಿ ಉಳಿಸಿದ್ದಾರೆ. 2020ರ ಜನವರಿಯಲ್ಲಿ ಬೆಂಗಳೂರಿನಿಂದ ಸಂಗ್ರಾಹಕರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಸಜ್ಜನರು, ವಿಷಯವನ್ನು ಬಲ್ಲವರು. ರ‍್ಯಾಲಿಗೆ 15,000 ರೂಪಾಯಿ ಕೊಡುವೆನೆಂದರು. ಕಾರಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೆ ಮಾಡುವುದು ಅವರ ಸಂಕಲ್ಪ. ಇಂಗ್ಲೆಂಡಿನಿಂದ ಬ್ರೂಕ್ಸ್ ಸೀಟು ತರಿಸುತ್ತಾರೆ, ಸರಿಯಾದ ಪೆಡಲು ಹಾಕುತ್ತಾರೆ, ಹಬ್ಬು ಬಿಚ್ಚಿ ಮೂರು ಗೇರನ್ನೂ ನಡೆಸುತ್ತಾರೆ.

ನಾನು ಸಂದಿಗ್ಧದಲ್ಲಿ ಬಿದ್ದೆ. ಕೊಡಲಾರೆ ಎಂದು ಬಾಯಿಗೆ ಬಂದಿತ್ತು. ಆದರೆ ಈ ವಸ್ತುವನ್ನು 418 ರೂಪಾಯಿಗೆ ತಂದವನು ನಾನು. ಅದು ಬಂದ ಮನೆಗೆ ಎರಡು ಗೋಡೆಗಳಿಲ್ಲ. ಮನೆ ಬಿದ್ದವರು ರಾಡಿಯೊಂದಿಗೆ ಹೊರಗೆ ಹಾಕಿದ್ದನ್ನು ತೂಕಕ್ಕೆ ಕೊಂಡು, ಇತಿಹಾಸವನ್ನು ಉಳಿಸಿದೆನೆಂದು ಅಂಗಳದಲ್ಲಿ ನಿಲ್ಲಿಸಿಕೊಂಡವನಿಗೆ ಯಾವ ಹಕ್ಕಿದೆ? ಆ ಮನೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದೆ. ಮನೆಯೊಡತಿ ಸುಮ್ಮನಿದ್ದರು. ಮಗ ಮಾತ್ರ ಒಂದು ಗಳಿಗೆಯೂ ಯೋಚಿಸಲಿಲ್ಲ. “ಕೊಟ್ಟ ಬಿಡ್ರಿ ಸರ. ಇಟಂಗಿ ತರಾಕ ಆಗತೈತಿ” ಎಂದ. ಇಟ್ಟಂಗಿಯ ಎದುರಿಗೆ ನನ್ನ ಆಕರ ಸಾಮಗ್ರಿಯ ವಾದವನ್ನು ಹೇಗೆ ಮಂಡಿಸಲಿ? 15,000 ರೂಪಾಯಿ ಆ ಮನೆಗೆ ಸೇರಿತು. ನಾನು ನನ್ನ 418ನ್ನು ಕೇಳಲಿಲ್ಲ. ಅವರು ಕೊಡಲು ಬಂದಾಗ ಒಂದು ಗಂಟು ಜೋಳವನ್ನು ಸ್ವೀಕರಿಸಿದೆ.

ಸಂಗ್ರಾಹಕರು ಸೈಕಲ್ಲು ಒಯ್ಯುವ ದಿನ ನಾನು ಅದರ ಒಂದೊಂದು ಭಾಗವನ್ನೂ ಅಳೆದು ಬರೆದುಕೊಂಡೆ. ವಿದ್ಯಾರ್ಥಿಯಿಂದ ಫೋಟೋ ತೆಗೆಸಿದೆ. ಅವರು ಅಲ್ಲಿಯೇ ಪಾನಾ ತೆಗೆದು, ತಮಗೆ ಬೇಡವಾದುದನ್ನು ಬಿಚ್ಚತೊಡಗಿದರು. ಜಾಲಿಯ ಪೆಡಲು ಬಿಚ್ಚಿತು. ಸೀಟು ಬಿಚ್ಚಿತು. ಕಂಬಾರನ ಕ್ಯಾರಿಯರ್ ಬಿಚ್ಚಲು ಮಾತ್ರ ಇಬ್ಬರು ಬೇಕಾದರು. “ಇವನ್ನು ಏನು ಮಾಡಲಿ, ಎಸೆಯಲೇ?” ಎಂದು ಕೇಳಿದರು. ಕಾರಖಾನೆಯ ರ‍್ಯಾಲಿಯೂ ಉಳಿಯಬೇಕಾದುದೇ. ಅದು ಹೇಗಿತ್ತೆಂದು ತೋರಿಸದೆ ನಮ್ಮವರು ಅದನ್ನು ಏನು ಮಾಡಿದರೆಂದು ತೋರಿಸುವುದಾದರೂ ಹೇಗೆ? ಆದ್ದರಿಂದ ಅವರದು ತಪ್ಪೆನ್ನಲಾರೆ. ಅವರು ಒಯ್ದುದು ಅವರಿಗೆ ಇರಲಿ ಎಂದುಕೊಂಡು, ಬಿಟ್ಟುದನ್ನು ನಾನು ಇಟ್ಟುಕೊಂಡೆ.

ಈಗ ನಮ್ಮ ಮೋಡಕಾ ಅಂಗಡಿಗಳಲ್ಲಿ ಬೇರೆಯದೇ ಸೈಕಲ್ಲುಗಳು ಕಾಣುತ್ತಿವೆ. 2006-07ರಲ್ಲಿ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತಷ್ಟೆ. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪಕ್ಕದೂರಿನ ಹೈಸ್ಕೂಲಿಗೆ ಹೋದುದು ಅವುಗಳ ಮೇಲೆ. ಅವಕ್ಕೆ ಕೊಕ್ಕರೆಯೂ ಇಲ್ಲ, ಬಂದೂಕೂ ಇಲ್ಲ. ಅವುಗಳನ್ನು ಹುಡುಕಿಕೊಂಡು ಯಾವ ಸಂಗ್ರಾಹಕರೂ ಬಂದಿಲ್ಲ. ಕಳೆದ ವರ್ಷ ರಾಯಬಾಗದಲ್ಲಿ ಅಂಥದೊಂದನ್ನು ಕೊಂಡು ತಂದೆ. ಅದರ ಮಡಗಾರ್ಡಿನ ಮೇಲೆ ಉಗುರಿನ ಬಣ್ಣದಿಂದ ಒಬ್ಬ ಹುಡುಗಿ ತನ್ನ ಹೆಸರು ಬರೆದಿದ್ದಾಳೆ. ಮನೆಯಲ್ಲಿ ಎಲ್ಲರೂ ನಕ್ಕರು.

ರ‍್ಯಾಲಿಯ ಸೀಟು ನನ್ನ ಪುಸ್ತಕದ ಕಪಾಟಿನಲ್ಲಿದೆ. ಮದಭಾವಿಯವರು ಹೇಳಿದಂತೆ ಆಗಾಗ ಔಡಲೆಣ್ಣೆ ಹಚ್ಚುತ್ತೇನೆ. ಕ್ಯಾರಿಯರನ್ನು ಮಾತ್ರ ಆ ಮನೆಯೊಡತಿ ಕೇಳಿ ಕರೆಯಿಸಿಕೊಂಡರು. ಹೊಸ ಮನೆಯ ಹಿತ್ತಲಲ್ಲಿ ಅದನ್ನು ನಾಲ್ಕು ಕಲ್ಲಿನ ಮೇಲೆ ಕೂರಿಸಿ ನೀರಿನ ಕೊಡ ಇಡುತ್ತಿದ್ದರು. ಮಾವನವರ ಎರಡು ಬುಟ್ಟಿಗೆ ಮಾಡಿಸಿದ್ದು, ಎರಡು ಕೊಡಕ್ಕೆ ಸರಿಯಾಗಿ ಕೂಡುತ್ತಿತ್ತು. 2021ರ ಜುಲೈಯಲ್ಲಿ ಕೃಷ್ಣೆ ಮತ್ತೆ ಏರಿ ಆ ಹಿತ್ತಲಿಗೆ ಬಂದಳು. ನೀರಿಳಿದ ಮೇಲೆ ನಾನು ಮಾತಾಡಿಸಲು ಹೋದಾಗ ಕೊಡಗಳು ತೇಲಿಹೋಗಿದ್ದವು. ಕ್ಯಾರಿಯರ್ ಅಲ್ಲೇ ಇತ್ತು.